ಕಾಕಾ ಹಾಕಿಸಿದ ಗುರುತು

ಕಳೆದ ತಿಂಗಳು ಹರಪನಹಳ್ಳಿಯಿಂದ ಹಗರಿಬೊಮ್ಮನಹಳ್ಳಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಣ್ಣುಮಗಳೊಬ್ಬಳು ಬ್ಯಾಗಿನಿಂದ ಕೆಂಪು ನೇಲ್ ಪಾಲಿಶ್ ಶೀಸೆ ತೆಗೆದು ಉಗುರಿಗೆ ಹಚ್ಚಿಕೊಳ್ಳಲು ಶುರು ಮಾಡಿದಳು. ನಮ್ಮ ಕಡೆ ರಸ್ತೆಯಲ್ಲಿ, ಓಡುವ ಬಸ್ಸಿನಲ್ಲಿ ಕೂತು ಉಗುರಿಗೆ ಬಣ್ಣ ಹಚ್ಚುವುದೆಂದರೆ ಸಾಮಾನ್ಯ ಧೈರ್ಯವಲ್ಲ. ಎರಡು ಉಗುರು ಸರಿಯಾಗಿ ಆದವು, ಮೂರನೆಯದಕ್ಕೆ ಹಂಪ್ ಬಂತು, ಬಣ್ಣ ಬೆರಳಿಗೆಲ್ಲ ಮೆತ್ತಿತು. ನನ್ನ ಸೀರೆಗೆ ಬೀಳದಿದ್ದರೆ ಸಾಕು ಅಂತ ಸೆರಗು ಎಳೆದುಕೊಂಡು ಕಿಟಕಿ ಕಡೆ ಸರಿದೆ. ಸೀರೆಯೇನೋ ಉಳಿಯಿತು. ಆದರೆ ಆ ವಾಸನೆ...

ನೇಲ್ ಪಾಲಿಶ್ ವಾಸನೆಗೆ ಉಳಿದವರಿಗೆ ಮದುವೆ ಮನೆ ನೆನಪಾಗಬಹುದು. ನನಗೆ ನೆನಪಾಗುವುದು ಅರವತ್ತು ದಾಟಿದ ಒಬ್ಬ ರಿಪೇರಿಯವರು. ಕನ್ನಡಕದ ಒಂದು ಕಡ್ಡಿ ಮುರಿದು ಆ ಜಾಗಕ್ಕೆ ದಾರ ಕಟ್ಟಿಕೊಂಡಿದ್ದರು, ಹಣೆಗೆ ಭಂಡಾರದ ಅರಿಶಿನ ಹಚ್ಚುತ್ತಿದ್ದರು, ಅಂಗಿಯ ಜೇಬಿನಲ್ಲಿ ಟೆಸ್ಟರ್ ಜೊತೆಗೆ ಯಾವಾಗಲೂ ಒಂದು ಕೆಂಪು ನೇಲ್ ಪಾಲಿಶ್ ಶೀಸೆ ಇರುತ್ತಿತ್ತು. ಊರೆಲ್ಲ ಅವರನ್ನು ಕಾಕಾ ಅನ್ನುತ್ತಿತ್ತು. ನಾನೂ ಹಾಗೇ ಕರೆಯುತ್ತಿದ್ದೆ. ಕೊನೆಯ ಸಲ ಕಂಡಾಗ ಮಾತ್ರ ಹಾಗೆ ಕರೆಯಲಿಲ್ಲ.

ಆಗ ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಆನ್‌ಲೈನ್ ಸೆಂಟರ್ ಇತ್ತು. ಹೆಸರಿಗೆ ಸೆಂಟರ್. ಇದ್ದದ್ದು ತಗಡಿನ ಮಾಡಿನ ಹತ್ತಡಿ ಕೋಣೆ, ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಝೆರಾಕ್ಸ್ ಮಷಿನ್ನು, ಗೋಡೆಯ ಮೇಲೆ ಬುದ್ಧನ ಫೋಟೋ. ಜಾತಿ ಆದಾಯ ಪತ್ರ, ಪಹಣಿ, ಸ್ಕಾಲರ್‌ಶಿಪ್ಪು, ಪರೀಕ್ಷೆಯ ಅರ್ಜಿ, ಹೀಗೆ ಊರಿನ ಅರ್ಧ ಬದುಕು ಆ ಒಂದು ಕಂಪ್ಯೂಟರಿನ ಮೂಲಕ ಹಾದುಹೋಗುತ್ತಿತ್ತು. ನಮ್ಮ ಕೇರಿಯಿಂದ ಮೇನ್ ರೋಡಿಗೆ ಬಂದು ಅಂಗಡಿ ಇಟ್ಟ ಮೊದಲ ಹೆಣ್ಣುಮಗಳು ನಾನು. ಇವಳನ್ನು ಸುಲಭವಾಗಿ ಯಾಮಾರಿಸಬಹುದು ಅಂದುಕೊಂಡೇ ಬರುವವರಿದ್ದರು. ಹಾಳೆ ಕಡಿಮೆ ಇರುವ ಬಂಡಲು ಕೊಟ್ಟು ಹೋದವರಿದ್ದರು, ಟೋನರ್ ಅಂತ ಎಂಥದೋ ಕರಿ ಪುಡಿ ತುಂಬಿ ಕೊಟ್ಟವರಿದ್ದರು. ಒಂದೆರಡು ಸಲ ಹಾಗೆ ಕೈ ಸುಟ್ಟುಕೊಂಡ ಮೇಲೆ ನಾನೂ ಚುರುಕಾದೆ. ಚುರುಕಾದೆ ಅಂತ ಆಗ ಅಂದುಕೊಂಡಿದ್ದೆ. ಎಲ್ಲರನ್ನೂ ಅನುಮಾನಿಸುವುದಕ್ಕೆ ಚುರುಕುತನ ಬೇಕಾಗಿಲ್ಲ ಅಂತ ಈಗ ಗೊತ್ತು.

ಕಾಕಾನ ಅಂಗಡಿ ನನ್ನ ಅಂಗಡಿಯಿಂದ ನಾಲ್ಕು ಮಳಿಗೆ ಆಚೆ. ಅವರು ಇಟ್ಟಿಗಿ ಅನ್ನುವ ಊರಿನವರು. ದಿನಾ ಬಸ್ಸಿಗೆ ಬರುತ್ತಿದ್ದರು, ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ ತರುತ್ತಿದ್ದರು. ಕುರಿ ಸಾಕುವ ಮನೆತನ. ಹಿಂಡಿನ ಜೊತೆ ಹೋಗುವವರ ರೇಡಿಯೋ ಕೆಟ್ಟರೆ ಬಿಚ್ಚಿ ನೋಡಿ ನೋಡಿ ಕೆಲಸ ಕಲಿತವರು. ರೇಡಿಯೋ ಹೋಗಿ ಟೇಪ್ ರೆಕಾರ್ಡರ್ ಬಂತು, ಅದು ಹೋಗಿ ಟೀವಿ ಬಂತು, ಆಮೇಲೆ ಕಂಪ್ಯೂಟರು. ಬಂದದ್ದನ್ನೆಲ್ಲ ಕಲಿತರು. ಇಂಗ್ಲಿಷ್ ಓದಲು ಬಾರದು. ಕಂಪ್ಯೂಟರ್ ಆನ್ ಆಗುವಾಗ ಒಂದು ಕೀ ಒತ್ತಿದರೆ ಸೆಟ್ಟಿಂಗಿನ ನೀಲಿ ಪರದೆ ಬರುತ್ತದಲ್ಲ, ಅದರಲ್ಲಿ ಕಾಕಾ ಎಣಿಸಿಕೊಂಡು ನಡೆಯುತ್ತಿದ್ದರು. "ಬಲಕ್ಕ ಎರಡು... ಕೆಳಗ ಐದು... ಒತ್ತು" ಅಂತ ತಮಗೆ ತಾವೇ ಹೇಳಿಕೊಳ್ಳುತ್ತ ಬಾಣದ ಕೀ ಒತ್ತುವುದು. ನೋಡಿದರೆ ನಗು ಬರುತ್ತಿತ್ತು. ಆದರೆ ಒಂದು ದಿನವೂ ಎಣಿಕೆ ತಪ್ಪಿದ್ದನ್ನು ನಾನು ಕಾಣೆ.

ನಮ್ಮಲ್ಲಿ ರಿಪೇರಿಯವರ ಮೇಲೆ ಒಂದು ಹಳೆಯ ಗುಮಾನಿ ಇದೆ. ಸ್ವಲ್ಪ ಆ ಕಡೆ ತಿರುಗಿದರೆ ಒಳಗಿನ ಒಳ್ಳೆಯ ಸಾಮಾನು ತೆಗೆದುಕೊಂಡು ಹಳೆಯದು ಕೂರಿಸಿಬಿಡುತ್ತಾರೆ ಅಂತ. ಅದಕ್ಕೇ ಜನ ಕೈಗಡಿಯಾರ ರಿಪೇರಿಗೆ ಕೊಟ್ಟರೂ ಎದುರಿಗೇ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಈ ಗುಮಾನಿಗೆ ಕಾಕಾ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಅದಕ್ಕೆ ತಮ್ಮದೇ ಒಂದು ಮದ್ದು ಹುಡುಕಿಕೊಂಡಿದ್ದರು. ಆ ಮದ್ದು ಏನು ಅಂತ ನನಗೆ ಗೊತ್ತಾದದ್ದು ಒಂದು ಏಪ್ರಿಲ್‌ನಲ್ಲಿ.

ಆ ಬೇಸಿಗೆ ನನ್ನ ಕಂಪ್ಯೂಟರು ದಿನಕ್ಕೆ ನಾಲ್ಕೈದು ಸಲ ತಾನಾಗಿ ಬಂದ್ ಆಗುತ್ತಿತ್ತು. ಮೇಲೆ ತಗಡು, ಕೆಳಗೆ ನಾನು, ನಡುವೆ ಅದು. ಅರ್ಜಿ ಇನ್ನೇನು ಮುಗಿಯಿತು ಅನ್ನುವಾಗ ಪರದೆ ಕಪ್ಪಾಗುತ್ತಿತ್ತು, ಎದುರಿಗೆ ನಿಂತವರ ಮುಖವೂ ಹಾಗೇ ಆಗುತ್ತಿತ್ತು. ಕಾಕಾ ಬಂದು ಡಬ್ಬಿ ಬಿಚ್ಚಿದರು. ಪ್ರೊಸೆಸರಿನ ಮೇಲಿನ ಫ್ಯಾನು ಮುದಿ ಎತ್ತಿನ ಹಾಗೆ ಎರಡು ಸುತ್ತು ತಿರುಗಿ ನಿಲ್ಲುತ್ತಿತ್ತು. ಅಂಗಡಿಗೆ ಒಯ್ದು ಪೂರ್ತಿ ಸ್ವಚ್ಛ ಮಾಡಿ ನೋಡುತ್ತೇನೆ ಅಂದರು. ಒಯ್ಯುವ ಮುಂಚೆ ಆ ಫ್ಯಾನು ಕಳಚಿ, ಕೆಳಗಿದ್ದ ಬೆಳ್ಳಿ ಬಣ್ಣದ ಚೌಕವನ್ನು ಒರೆಸಿ, ಜೇಬಿನಿಂದ ಶೀಸೆ ತೆಗೆದು ನನ್ನ ಕೈಗೆ ಕೊಟ್ಟರು.

"ಇದ ಮುಖ್ಯ ಸಾಮಾನು ನೋಡವ್ವಾ. ಇದರಾಗ ನಾಕು ಕೋರ್ ಅದಾವು. ಒಂದ ಮನ್ಯಾಗ ನಾಕು ಮಂದಿ ದುಡಿಯೋರು ಇದ್ದಂಗ. ಇದಕ್ಕ ನಿನ್ನ ಗುರುತು ಹಾಕು."

ನನಗೆ ಅರ್ಥವಾಗಲಿಲ್ಲ. ಏನು ಗುರುತು ಅಂತ ಕೇಳಿದೆ.

"ನಿನಗ ತಿಳಿದದ್ದು. ನನಗ ಹೇಳಬ್ಯಾಡ ಮತ್ತ. ನಮ್ಮ ಕುರಿಗೆ ಬೆನ್ನ ಮ್ಯಾಲೆ ಬಣ್ಣ ಹಾಕ್ತೀವಿ. ಹತ್ತು ಹಿಂಡು ಕೂಡಿ ಬಿದ್ರೂ ನಮ್ಮದು ನಮಗ ಗೊತ್ತಾಗತೈತಿ. ಇದೂ ಹಂಗ."

ಹಾಗೆ ಹೇಳಿ, ಮದುವೆಯಲ್ಲಿ ಅಂತರಪಟದ ಆಚೆ ನಿಂತವರಂತೆ ಗೋಡೆ ಕಡೆ ತಿರುಗಿ ನಿಂತುಬಿಟ್ಟರು. ಬುದ್ಧನ ಫೋಟೋ ನೋಡುತ್ತ ನಿಂತ ಆ ಬೆನ್ನು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಚೌಕದ ಒಂದು ಮೂಲೆಯಲ್ಲಿ ಮೂರು ಸಣ್ಣ ಚುಕ್ಕಿ ಇಟ್ಟೆ. ನಮ್ಮವ್ವನ ಮುಂಗೈ ಮೇಲೆ ಹಚ್ಚೆಯ ಮೂರು ಚುಕ್ಕಿಗಳಿವೆ, ಅದೇ ಲೆಕ್ಕ. ಬಣ್ಣ ಒಣಗುವ ತನಕ ಕಾಕಾ ತಿರುಗಲಿಲ್ಲ.

ಮರುದಿನ ಸಂಜೆ ಡಬ್ಬಿ ತಂದು ಕೂರಿಸಿದರು. ಅವತ್ತು ಯಾವುದೋ ಪರೀಕ್ಷೆಯ ಅರ್ಜಿಗೆ ಕೊನೆಯ ದಿನ. ಸಾಲು ರಸ್ತೆಗೆ ಹೋಗಿತ್ತು. ನಾನು ಒಂದು ಕೈಯಲ್ಲಿ ಯಾರದೋ ಫೋನು ಹಿಡಿದು ಓಟಿಪಿ ಕಾಯುತ್ತಿದ್ದೆ, ಇನ್ನೊಂದು ಕೈಯಲ್ಲಿ ಇನ್ಯಾರದೋ ಫೋಟೋ ಸ್ಕ್ಯಾನರಿಗೆ ಇಡುತ್ತಿದ್ದೆ. ಕಾಕಾ ಪಕ್ಕದಲ್ಲಿ ನಿಂತು ಏನೋ ಹೇಳಿದರು. ಈಗ ಕೂತು ಜೋಡಿಸಿಕೊಂಡರೆ ಅವರು ಹೇಳಿದ್ದು ಹೀಗೆ. "ಫ್ಯಾನಿಗೆ ಜೀವ ಇಲ್ಲವ್ವಾ. ಹೊಸಪೇಟಿಗೆ ಹೇಳೀನಿ, ಬರೋದು ತಡಾ ಆಗತೈತಿ. ಅಲ್ಲೀತನಕ ಒಂದ ಕೋರ್ ಬಿಟ್ಟು ಮೂರು ಬಂದ್ ಮಾಡೀನಿ. ನಾಕೂ ದುಡಿದ್ರ ಈ ಬಿಸಿಲಿಗೆ ಸುಟ್ಟು ಹೋಗತೈತಿ. ಫ್ಯಾನ್ ಬಂದ ಮ್ಯಾಲೆ ನಾನ ಬಂದು ನಾಕೂ ಬಿಡತೀನಿ."

"ಆತು ಕಾಕಾ" ಅಂದೆ. ಅಂದದ್ದು ಬಾಯಿ. ಕಣ್ಣು ಓಟಿಪಿ ಮೇಲಿತ್ತು, ತಲೆ ಸಾಲಿನ ಮೇಲಿತ್ತು. ಆ ಮಾತು ಕಿವಿಯವರೆಗೆ ಬಂದು ಅಲ್ಲೇ ಕೂತಿತು.

ಆಮೇಲೆ ಕಂಪ್ಯೂಟರು ಬಂದ್ ಆಗುವುದು ನಿಂತಿತು. ಆದರೆ ಬಲು ನಿಧಾನವಾಯಿತು. ಒಂದು ಪಹಣಿ ತೆರೆಯುವಷ್ಟರಲ್ಲಿ ಗಿರಾಕಿ ಬಸ್ ಸ್ಟ್ಯಾಂಡಿಗೆ ಹೋಗಿ ಚಹಾ ಕುಡಿದು ಬರಬಹುದಿತ್ತು. ಒಂದು ದಿನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ಹೊಸದರಲ್ಲಿ ಅಲ್ಲಿ ನಾಲ್ಕು ಚೌಕಗಳು ಕಾಣುತ್ತಿದ್ದವು, ನಾಲ್ಕರಲ್ಲೂ ಗೆರೆ ಏರಿಳಿಯುತ್ತಿತ್ತು. ಈಗ ಒಂದೇ ಚೌಕ. ಡಬ್ಬಿಯ ಮೇಲಿನ ಚೀಟಿ ನೋಡಿದೆ, ನಾಲ್ಕು ಕೋರ್ ಅಂತಲೇ ಇದೆ.

ರಾತ್ರಿ ಹಗಲು ಅನ್ನದೆ ವಿಡಿಯೋ ನೋಡಿದೆ. ವಿಂಡೋಸ್ ಶುರುವಾಗುವಾಗ ಎಷ್ಟು ಕೋರ್ ಬಳಸಬೇಕು ಅಂತ ಹೇಳುವ ಒಂದು ಜಾಗವಿದೆ, ಅಲ್ಲಿ ಟಿಕ್ ಹಾಕಿದೆ, ತೆಗೆದೆ. ಅಲ್ಲಿನ ಪಟ್ಟಿಯಲ್ಲಿ ಒಂದು ಬಿಟ್ಟರೆ ಬೇರೆ ಅಂಕಿಯೇ ಇಲ್ಲ. ಡ್ರೈವರ್‌ಗಳನ್ನು ಅಳಿಸಿ ಮತ್ತೆ ಹಾಕಿದೆ. ಒಂದು ಭಾನುವಾರ ಪೂರ್ತಿ ಕೂತು ವಿಂಡೋಸನ್ನೇ ಹೊಸದಾಗಿ ಹಾಕಿದೆ. ಒಂದೇ ಚೌಕ. ಕಂಪ್ಯೂಟರ್ ಕೋರ್ಸು ಮಾಡಿದ್ದ ಗಿರಾಕಿಯೊಬ್ಬ ನೋಡಿ, "ಅಕ್ಕಾ, ಹೊಸದಾಗಿ ವಿಂಡೋಸ್ ಹಾಕಿದ್ರೂ ಒಂದ ತೋರಿಸ್ತೈತಿ ಅಂದ್ರ ಒಳಗ ಇರೋದ ಒಂದು" ಅಂದ. ಪ್ರೊಸೆಸರಿನ ಹೆಸರು ಮಾತ್ರ ಹಳೆಯದೇ ಬರುತ್ತಿದೆಯಲ್ಲ ಅಂದೆ. "ಡೂಪ್ಲಿಕೇಟ್ ಸಾಮಾನಿನ ಮ್ಯಾಲೂ ಹೆಸರು ಒರಿಜಿನಲ್ಲ ಇರತೈತಿ" ಅಂದ. ಅವನ ಮಾತು ಎಷ್ಟು ಚೆನ್ನಾಗಿ ಕೂತಿತು ಅಂದರೆ, ಕೂರಲಿ ಅಂತಲೇ ನಾನು ಕಾಯುತ್ತಿದ್ದೆ ಅನ್ನಿಸುತ್ತದೆ. ವಿಂಡೋಸಿನ ಕೆಳಗೆ ಇನ್ನೊಂದು ನೆಲಮನೆ ಇದೆ, ಅಲ್ಲಿ ಬೀಗ ಹಾಕಿದರೆ ಮೇಲೆ ಎಷ್ಟು ತಟ್ಟಿದರೂ ಬಾಗಿಲು ತೆರೆಯುವುದಿಲ್ಲ ಅಂತ ಆಗ ನನಗೆ ಗೊತ್ತಿರಲಿಲ್ಲ. ಕಾಕಾಗೆ ಗೊತ್ತಿತ್ತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ದಿನಕ್ಕೆ ಹತ್ತು ಸಲ ಗಿರಾಕಿಗಳಿಗೆ ಹೇಳುವವಳು ನಾನು. ಅರ್ಜಿ ಕಳಿಸುವ ಮುಂಚೆ ಹೆಸರು, ಹುಟ್ಟಿದ ದಿನ ಇನ್ನೊಮ್ಮೆ ನೋಡ್ರಿ ಅಂತ. ನನ್ನ ಸರದಿ ಬಂದಾಗ ನೋಡಲಿಲ್ಲ.

ಇಪ್ಪತ್ತು ದಿನ ಕಳೆದಿರಬೇಕು. ಮಧ್ಯಾಹ್ನ. ಅಂಗಡಿಯಲ್ಲಿ ಹತ್ತು ಜನ. ಕಾಕಾ ಚಪ್ಪಲಿ ಹೊರಗೆ ಬಿಟ್ಟು, ಕೈಯಲ್ಲೊಂದು ಸಣ್ಣ ರಟ್ಟಿನ ಪೊಟ್ಟಣ ಹಿಡಿದು ನಗುನಗುತ್ತ ಒಳಗೆ ಬಂದರು. "ಬಂತು ನೋಡವ್ವಾ" ಅಂದರು. ನಾನು ಮುಂದೆ ಹೇಳಗೊಡಲಿಲ್ಲ.

"ನಾಕು ಇದ್ದದ್ದು ಒಂದ ಹೆಂಗಾತ್ರಿ? ಒಳಗಿನ ಸಾಮಾನು ಯಾರಿಗೆ ಮಾರಿದ್ರಿ?"

ನಗು ಮುಖದ ಮೇಲೆ ಹಾಗೇ ನಿಂತಿತ್ತು, ಹೋಗುವುದು ಮರೆತಂತೆ. "ನಾ ಹೇಳಿ ಹೋಗಿದ್ನಲ್ಲವ್ವಾ..." ಅಂದರು.

"ಏನೂ ಹೇಳಿಲ್ಲ ನೀವು. ಹೆಣ್ಮಗಳು, ಇಕಿಗೇನ್ ತಿಳೀತೈತಿ ಅಂತ ತಿಳ್ಕೊಂಡ್ರೇನು?"

"ಬಿಚ್ಚಿ ನೋಡೂಣು ಬಾರವ್ವಾ. ನಿನ್ನ ಗುರುತು ನೀನ ಹಾಕೀದಿ."

"ನಿಮ್ಮ ಕೈ ಇದಕ್ಕ ಮತ್ತ ಹಚ್ಚಬ್ಯಾಡ್ರಿ."

ಸಾಲಿನಲ್ಲಿದ್ದ ಯಾರೋ "ಈ ರಿಪೇರಿಯವರೆಲ್ಲಾ ಹಿಂಗ" ಅಂದರು. ಯಾರೋ ನಕ್ಕರು. ಕಾಕಾ ಒಮ್ಮೆ ಎಲ್ಲರ ಮುಖ ನೋಡಿದರು. ಅದರಲ್ಲಿ ಅರ್ಧ ಜನರ ಮಿಕ್ಸರು, ಟೀವಿ ಅವರ ಅಂಗಡಿಯಲ್ಲೇ ಇದ್ದವು. ಪೊಟ್ಟಣವನ್ನು ಮೇಜಿನ ಮೇಲೆ ಇಟ್ಟು, "ಇದು ನಿಂದವ್ವಾ" ಅಂದು ಹೊರಗೆ ಹೋದರು. ಚಪ್ಪಲಿ ಮೆಟ್ಟಿಕೊಳ್ಳಲು ಅವರಿಗೆ ತುಂಬಾ ಹೊತ್ತು ಹಿಡಿಯಿತು. ನಾನು ಗೆದ್ದೆ ಅಂದುಕೊಂಡು ಮುಂದಿನ ಗಿರಾಕಿಯ ಕಾಗದ ತೆಗೆದುಕೊಂಡೆ.

ಪೊಟ್ಟಣ ಬಿಚ್ಚಿ ಕೂಡ ನೋಡಲಿಲ್ಲ. ಬಾಯಿ ಮುಚ್ಚಿಸಲು ಏನೋ ತಂದಿದ್ದಾರೆ ಅಂತ ಆ ಕಂಪ್ಯೂಟರಿನ ಜೊತೆ ಒಂದೇ ಪೆಟ್ಟಿಗೆಗೆ ಎಸೆದೆ. ಬೇರೆ ಕಂಪ್ಯೂಟರು ತಂದುಕೊಂಡೆ.

ನಮ್ಮೂರಲ್ಲಿ ಮಾತಿಗೆ ಬಸ್ಸು ಬೇಕಾಗಿಲ್ಲ. ಸಾಮಾನು ಬದಲಿಸುತ್ತಾನಂತೆ ಅನ್ನುವ ಮಾತು ಸಂಜೆಯೊಳಗೆ ಎರಡೂ ಕಡೆಯ ಮಳಿಗೆಗಳನ್ನು ದಾಟಿತ್ತು. ಅವರಲ್ಲಿ ಸಾಮಾನು ಬಿಟ್ಟು ಹೋಗುತ್ತಿದ್ದವರು ವಾಪಸು ಒಯ್ಯುವುದನ್ನು ನಾನು ನನ್ನ ಕುರ್ಚಿಯಿಂದಲೇ ಕಂಡೆ. ಗುರುತು ಹಾಕಿಸುವ ಕಾಕಾನ ಎದುರಿಗೂ ಜನ ಈಗ ಸ್ಟೂಲು ಹಾಕಿಕೊಂಡು ಕೂರತೊಡಗಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಮಳಿಗೆಗೆ ಮೊಬೈಲ್ ಕವರ್ ಮಾರುವವರು ಬಂದರು. ಕಾಕಾಗೆ ಕಣ್ಣು ಮಂಜಾಗಿದೆ, ಇಟ್ಟಿಗಿಯಲ್ಲೇ ಇರುತ್ತಾರೆ ಅಂದರು. ನಿನ್ನಿಂದ ಹೋದರು ಅಂತ ನನಗೆ ಯಾರೂ ಹೇಳಲಿಲ್ಲ. ಹೇಳದಿದ್ದರೆ ಗೊತ್ತಾಗುವುದಿಲ್ಲವೆ...

ಆಮೇಲೆ ನಾನು ಪರೀಕ್ಷೆ ಪಾಸಾಗಿ ಹರಪನಹಳ್ಳಿಯ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದೆ. ಸೆಂಟರ್ ಮುಚ್ಚಿದೆ. ಪೆಟ್ಟಿಗೆ ಮನೆಯ ಅಟ್ಟ ಸೇರಿತು. ಇಷ್ಟು ವರ್ಷದಲ್ಲಿ ಒಂದು ಸಲವೂ ಅದನ್ನು ಬಿಚ್ಚಿ ನೋಡಲಿಲ್ಲ ಯಾಕೆ ಅಂತ ಕೇಳಿದರೆ ನಿಜ ಹೇಳುತ್ತೇನೆ. ನೋಡಲು ಒಂದು ಸ್ಕ್ರೂಡ್ರೈವರ್ ಸಾಕಿತ್ತು. ಚುಕ್ಕಿಗಳು ಇಲ್ಲದಿದ್ದರೆ ನಾನು ಜಾಣೆ. ಇದ್ದುಬಿಟ್ಟರೆ? ಆ ಹೆದರಿಕೆ ನನ್ನೊಳಗೆ ಇತ್ತು. ಇಲ್ಲದಿದ್ದರೆ ಎಂದೋ ಬಿಚ್ಚಿರುತ್ತಿದ್ದೆ.

ಕಳೆದ ತಿಂಗಳು ಬಸ್ಸಿನಿಂದ ಇಳಿದು ಮನೆಗೆ ಬಂದವಳು ಸೀರೆ ಬದಲಿಸದೆ ಅಟ್ಟಕ್ಕೆ ಏಣಿ ಹಾಕಿದೆ. "ಬಂದಕೂಡ್ಲೆ ಏನ್ ಹತ್ತೀತು ಇಕಿಗೆ" ಅಂತ ಅವ್ವ ಒಂದೇ ಸಮನೆ ಗೊಣಗುತ್ತಿದ್ದಳು. ಧೂಳು ಒರೆಸಿ, ವೈರು ಜೋಡಿಸಿ, ಮೊದಲು ಸುಮ್ಮನೆ ಆನ್ ಮಾಡಿದೆ. ಒಂದು ಬೀಪ್ ಬಂತು. ಒಳಗಿನ ಬ್ಯಾಟರಿ ಸತ್ತಿದೆ, ದಿನಾಂಕ ತಪ್ಪಿದೆ ಅಂತ ಪರದೆಯ ಮೇಲೆ ಬರೆದಿತ್ತು. ಮುಂದಕ್ಕೆ ಒತ್ತಿದೆ. ತೇಕುತ್ತ ತೇಕುತ್ತ ವಿಂಡೋಸ್ ಬಂತು. ಟಾಸ್ಕ್ ಮ್ಯಾನೇಜರ್ ತೆರೆದೆ.

ನಾಲ್ಕು ಚೌಕ.

ಗುಂಡನೆಯ ಆ ಸಣ್ಣ ಬ್ಯಾಟರಿ ಸತ್ತರೆ ಕಂಪ್ಯೂಟರಿನ ಸೆಟ್ಟಿಂಗುಗಳೆಲ್ಲ ಅಳಿಸಿಹೋಗುತ್ತವೆ, ಅದು ತಯಾರಾದ ದಿನ ಹೇಗಿತ್ತೋ ಹಾಗಾಗುತ್ತದೆ. ಕಚೇರಿಯ ಕೆಲಸದಲ್ಲಿ ಅಷ್ಟನ್ನು ಕಲಿತಿದ್ದೆ. ಕಾಕಾ ಎಣಿಸಿ ಎಣಿಸಿ ಮುಚ್ಚಿದ್ದ ಮೂರು ಬಾಗಿಲು ತಾವಾಗಿ ತೆರೆದುಕೊಂಡಿದ್ದವು. ಬಂದ್ ಮಾಡಿ ಮತ್ತೆ ಆನ್ ಮಾಡಿ ಆ ನೀಲಿ ಪರದೆಗೆ ಹೋದೆ. ಬಲಕ್ಕೆ ಎರಡು, ಕೆಳಗೆ ಐದು. ಎಷ್ಟು ಕೋರ್ ಓಡಬೇಕು ಅಂತ ಕೇಳುವ ಸಾಲು ಅಲ್ಲೇ ಇತ್ತು. ಆಗ ಕಿವಿಯಲ್ಲಿ ಕೂತಿದ್ದ ಮಾತು ಎದ್ದು ಒಳಗೆ ಬಂತು. ಒಂದ ಕೋರ್ ಬಿಟ್ಟು ಮೂರು ಬಂದ್ ಮಾಡೀನಿ...

ಬಂದ್ ಮಾಡಿ ಸ್ಕ್ರೂಡ್ರೈವರ್ ತಂದೆ. ಫ್ಯಾನು ಕಳಚಿದೆ. ಕೆಳಗಿನ ಲೇಪ ಒಣಗಿ ಸುಣ್ಣದಂತಾಗಿತ್ತು. ಬಟ್ಟೆಯಿಂದ ಒರೆಸಿದೆ. ಮೂಲೆಯಲ್ಲಿ ಮೂರು ಕೆಂಪು ಚುಕ್ಕಿ. ಬಣ್ಣ ಸ್ವಲ್ಪ ಕಂದಿತ್ತು, ಅಷ್ಟೇ. ಪಕ್ಕದಲ್ಲಿ ಕೂತಿದ್ದ ಅವ್ವನ ಮುಂಗೈ ಹಿಡಿದುಕೊಂಡು ಅತ್ತೆ. ಪಾಪ, ಅವ್ವ ಕರೆಂಟ್ ಹೊಡೀತೇನೋ ಅಂದುಕೊಂಡಳು.

ಆಮೇಲೆ ಪೊಟ್ಟಣ ಬಿಚ್ಚಿದೆ. ಒಳಗೆ ಹೊಸ ಫ್ಯಾನು. ವೈರಿಗೆ ಸುತ್ತಿದ್ದ ರಬ್ಬರ್ ಬ್ಯಾಂಡು ಕರಗಿ ಅಂಟಿಕೊಂಡಿತ್ತು.

ಮರುವಾರ ಇಟ್ಟಿಗಿಗೆ ಹೋದೆ. ಯಾರನ್ನು ಕೇಳಿದರೂ ಮನೆ ತೋರಿಸಿದರು. ಅವರ ಹೆಂಡತಿ ಕಟ್ಟೆಯ ಮೇಲೆ ಕೂತು ಮೆಕ್ಕೆಜೋಳ ಹಸನು ಮಾಡುತ್ತಿದ್ದರು. ಕಾಕಾ ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಯಾರು ಅಂತ ಹೇಳಿದೆ. ಮೊರ ಕೆಳಗಿಟ್ಟು ನನ್ನನ್ನೇ ನೋಡಿದರು. ಬಯ್ಯುತ್ತಾರೆ ಅಂದುಕೊಂಡೆ. ಬಯ್ದಿದ್ದರೆ ಒಳ್ಳೆಯದಿತ್ತು.

"ಆವತ್ತು ಉಣಲಿಲ್ಲವ್ವಾ ಅವರು. ಯಾಕ ಅಂತ ಕೇಳಿದ್ರ, 'ಫ್ಯಾನ್ ಕೊಟ್ಟು ಬಂದೀನಿ, ಅಕಿ ಬಿಚ್ಚೇ ಬಿಚ್ಚತಾಳ, ನೋಡಿದ ದಿನ ಬರತಾಳ' ಅಂದ್ರು. ಬಸ್ ಬಂದಾಗೆಲ್ಲ ನೋಡೋರು." ಮೊರ ಮತ್ತೆ ಕೈಗೆತ್ತಿಕೊಂಡು, "ತಡಾ ಮಾಡಿದಿ ನೋಡವ್ವಾ" ಅಂದರು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರೆ. ಕೊಯ್ದದ್ದು ನನ್ನದಾಗಿದ್ದರೆ ಹೇಗೋ ಬದುಕಬಹುದಿತ್ತು. ಹತ್ತು ಜನರ ಮುಂದೆ ಆಡಿದ ಮಾತನ್ನು ಹತ್ತು ಜನರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕು, ಇದನ್ನು ಬರೆಯುತ್ತೇನೆ ಅಂದೆ. ಬರಿ ಅಂದರು. "ಹೆಸರು ಹಾಕಬ್ಯಾಡ. ಗೊತ್ತಿದ್ದೋರಿಗೆ ಗೊತ್ತಾಗತೈತಿ." ಹೊರಡುವಾಗ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟರು. ಅದೇ ಬಟ್ಟೆಯೋ ಏನೋ... ಕೇಳಲಿಲ್ಲ.

ಆ ಫ್ಯಾನನ್ನು ನಾನೇ ಕೂರಿಸಿದ್ದೇನೆ. ಇದನ್ನು ಬರೆಯುತ್ತಿರುವುದು ಅದೇ ಕಂಪ್ಯೂಟರಿನಲ್ಲಿ. ಹೊರಗೆ ಬಿಸಿಲಿದೆ, ಫ್ಯಾನು ಸದ್ದಿಲ್ಲದೆ ತಿರುಗುತ್ತಿದೆ, ನಾಲ್ಕೂ ಕೋರ್ ಓಡುತ್ತಿವೆ. ಆ ಮಧ್ಯಾಹ್ನ ಬಸ್ ಸ್ಟ್ಯಾಂಡ್ ಹತ್ತಿರದ ತಗಡಿನ ಅಂಗಡಿಯಲ್ಲಿ ಸಾಲಿನಲ್ಲಿ ನಿಂತಿದ್ದವರು ಯಾರಾದರೂ ಇದನ್ನು ಓದಿದರೆ, ದಯವಿಟ್ಟು ಕೇಳಿ. ಕಾಕಾ ಏನನ್ನೂ ಬದಲಿಸಿರಲಿಲ್ಲ. ನಾನು ಹಾಕಿದ ಗುರುತು ಹಾಕಿದಲ್ಲೇ ಇದೆ.